ಸ್ನೇರ್ ಮೇಲೊಂದು ಟವೆಲ್

ಪ್ರಶ್ನೆ: ಸಾರ್, ನಮ್ಮದು ರಸಮಂಜರಿ ತಂಡ. ಎಪ್ಪತ್ತರ ದಶಕದ ಫಂಕ್, ಡಿಸ್ಕೊ ಥರದ ಎರಡು ಕುಣಿತದ ಹಾಡು ಮಾಡಿದ್ದೇವೆ. ಮನೆ ಮಹಡಿಯ ರೂಮಿನಲ್ಲಿ ರೆಕಾರ್ಡ್ ಮಾಡಿದರೆ ಸ್ನೇರ್ (ಡ್ರಮ್ಸ್ ಸೆಟ್ಟಿನಲ್ಲಿ ಕೋಲಿನಿಂದ ಬಾರಿಸುವ ಚಪ್ಪಟೆ ಡ್ರಮ್) ‘ಠಣ್ಣ್’ ಅನ್ನುತ್ತದೆ. ಹಳೇ ರೆಕಾರ್ಡುಗಳ ಒಣ ‘ಡಪ್’ ಬರುವುದೇ ಇಲ್ಲ. ದುಡ್ಡು ಕೊಟ್ಟು ವಿಂಟೇಜ್ ಪ್ಲಗಿನ್ (ಹಳೇ ಸದ್ದು ಕೊಡುವ ಸಾಫ್ಟ್‌ವೇರ್) ಕೂಡ ತಗೊಂಡೆವು. ಏನು ಮಾಡೋದು?
– ಓದುಗರೊಬ್ಬರು, ಹಾಸನ

ಉತ್ತರ: ಪ್ಲಗಿನ್ ಪಕ್ಕಕ್ಕಿಡಿ. ಅಡುಗೆಮನೆಯಿಂದ ಪಾತ್ರೆ ಒರೆಸುವ ಹಳೇ ಕಾಟನ್ ಬಟ್ಟೆ ಒಂದು ತನ್ನಿ. ಕೇಳಿ ತನ್ನಿ. ನಾನು ಕೇಳದೆ ತಂದು ವಾರಪೂರ್ತಿ ಬೈಸಿಕೊಂಡಿದ್ದೇನೆ. ಸ್ನೇರ್‌ನ ಅರ್ಧ ಮುಚ್ಚುವ ಹಾಗೆ ಹಾಸಿ, ಬಾರಿಸಿ ನೋಡಿ.

ಆ ಕಾಲದ ಸ್ಟುಡಿಯೊಗಳಲ್ಲೂ ಇದನ್ನೇ ಮಾಡುತ್ತಿದ್ದರು. ಸ್ನೇರ್ ಮೇಲೆ ಟವೆಲ್, ಟೇಪು, ಕೆಲವರದು ಜೇಬಿನ ಪರ್ಸು. ಟಾಮ್‌ಗಳ, ಅಂದರೆ ಕೋಲಿನಿಂದ ಬಾರಿಸುವ ಉಳಿದ ಡ್ರಮ್‌ಗಳ, ಕೆಳಗಿನ ಸ್ಕಿನ್ ಬಿಚ್ಚಿಡುವುದು. ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್, ಅಂದರೆ ಕಿಕ್‌ನ ಮುಂದಿನ ಸ್ಕಿನ್ ತೆಗೆದು, ಒಳಗೆ ದಿಂಬೋ ಕಂಬಳಿಯೋ ತುರುಕಿ, ಮೈಕನ್ನೂ ಒಳಗೇ ಇಡುವುದು. ನೆಲಕ್ಕೆ, ಗೋಡೆಗೆ ಕಾರ್ಪೆಟ್.

ನಿಮ್ಮ ಮಹಡಿ ರೂಮಿನದು ಸಿಮೆಂಟ್ ಗೋಡೆ, ಟೈಲ್ಸ್ ನೆಲ ಇರಬೇಕು, ಅಲ್ವಾ? ಹಾಗಿದ್ದರೆ ಸ್ನೇರ್‌ಗಿಂತ ಗೋಡೆಯೇ ಜಾಸ್ತಿ ಕೂಗುತ್ತದೆ. ಚಿಕ್ಕಮಗಳೂರಿನಲ್ಲಿ ನಾನು ರೆಕಾರ್ಡ್ ಮಾಡುವುದು ನೆಂಟರೊಬ್ಬರ ಕಾಫಿ ಗೋದಾಮಿನಲ್ಲಿ. ಕುಯ್ಲು ಮುಗಿದ ಮೇಲೆ ಮೂರು ಕಡೆಗೂ ಭುಜದೆತ್ತರ ತುಂಬಿದ ಗೋಣಿಚೀಲ. ನಡುವೆ ಡ್ರಮ್ಸ್. ಚಪ್ಪಾಳೆ ತಟ್ಟಿದರೆ ‘ಟಪ್’, ಅಷ್ಟೇ. ಖಾಲಿ ಚೀಲ ನೇತುಹಾಕಿಯೂ ನೋಡಿದ್ದೇನೆ. ಹೈಹ್ಯಾಟ್ ಅನ್ನುವ ಜೋಡಿ ತಾಳದ ಚುಚ್ಚು ತಗ್ಗುತ್ತದೆ, ಕಿಕ್‌ನ ಗುಂಯ್ ಹಾಗೇ ಉಳಿಯುತ್ತದೆ. ತೂಕದ್ದು, ದಪ್ಪದ್ದೇ ಬೇಕು. ನೀವು ಹತ್ತಿ ಹಾಸಿಗೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ನೆಲಕ್ಕೆ ಜಮಖಾನ ಹಾಸಿ. ಮಳೆಗಾಲದ ಹೊತ್ತಿಗೆ ನಮ್ಮ ಚೀಲಗಳೆಲ್ಲ ಮಾರಾಟವಾಗಿ, ಮೇಲೆ ಶೀಟಿನ ಮೇಲಿನ ಮಳೆ ಬೇರೆ. ಆಗ ನನ್ನ ಸ್ಟುಡಿಯೊಗೆ ರಜೆ.

ಆದರೆ ಫಂಕ್, ಡಿಸ್ಕೊ ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ. 1969ರಲ್ಲಿ ಅಮೆರಿಕದ ಫಂಕ್ ಗಾಯಕ ಜೇಮ್ಸ್ ಬ್ರೌನ್‌ಗೆ ‘ಫಂಕಿ ಡ್ರಮ್ಮರ್’ ಹಾಡಿನ ಡ್ರಮ್ಸ್ ನುಡಿಸಿದ ಕ್ಲೈಡ್ ಸ್ಟಬಲ್‌ಫೀಲ್ಡ್ ಕೈಯನ್ನು ಕೇಳಿ. ಸ್ನೇರ್ ಬಿಗಿ. ದೊಡ್ಡ ಪೆಟ್ಟುಗಳ ನಡುವೆ ಪಿಸುಗುಟ್ಟುವಂಥ ಸಣ್ಣ ಪೆಟ್ಟುಗಳಿವೆ. ಟವೆಲ್ ಹಾಕಿದರೆ ಅವು ನುಂಗಿಹೋಗುತ್ತವೆ. ಅದಕ್ಕೆ ಅಂಚಿನಲ್ಲಿ ಚೂರು ಟೇಪು ಸಾಕು. ಟವೆಲ್ ಏನಿದ್ದರೂ ಡಿಸ್ಕೊಗೆ. ಅಲ್ಲಿ ಸ್ನೇರ್ ಸ್ಕಿನ್ ಸಡಿಲ ಮಾಡಿ, ಕಿಕ್ ಪ್ರತಿ ಬೀಟಿಗೂ ಬೀಳಲಿ, ಎರಡು ಬೀಟಿನ ನಡುವೆ ಹೈಹ್ಯಾಟ್ ‘ಚೀಸ್’ ಅಂತ ಬಾಯಿ ತೆರೆಯಲಿ. ಈ ನಡೆಗೆ ದಾರಿ ಮಾಡಿದ್ದು ಫಿಲಡೆಲ್ಫಿಯಾದ ಡ್ರಮ್ಮರ್ ಅರ್ಲ್ ಯಂಗ್, 1973ರ ಸುಮಾರಿಗೆ.

ಹಾಗಂತ ಅತಿ ಮಾಡಬೇಡಿ. ನಾನೊಮ್ಮೆ ಕಂಬಳಿ, ಟವೆಲ್, ಟೇಪು ಎಲ್ಲವನ್ನೂ ಹಾಕಿದೆ. ಸದ್ದು ರಟ್ಟಿನ ಡಬ್ಬ ಬಡಿದಂತಾಯಿತು. ಟೇಕ್ ಮುಗಿದ ಮೇಲೆ ಹಾಡುವ ಹುಡುಗ, “ಅಣ್ಣ, ಡ್ರಮ್ಸ್ ಯಾವಾಗ ಶುರು ಮಾಡ್ತೀರಾ?” ಅಂತ ಕೇಳಿದ.

ಮೈಕು ಮೂರು ಸಾಕು: ಕಿಕ್‌ಗೊಂದು, ಸ್ನೇರ್‌ಗೊಂದು, ಬಾರಿಸುವವರ ತಲೆಯ ಮೇಲೊಂದು. ಇಷ್ಟಾದ ಮೇಲೆ ಪ್ಲಗಿನ್ ಹಾಕಿ. ಹಳೇ ಟೇಪ್ ಮಿಷನ್‌ಗೆ ಸದ್ದನ್ನು ಜೋರಾಗಿ ಕೊಟ್ಟರೆ ಪೆಟ್ಟಿನ ಚೂಪು ತುದಿ ಸವೆದು ದುಂಡಗಾಗುತ್ತಿತ್ತು. ಪ್ಲಗಿನ್‌ನಿಂದ ಅಷ್ಟು ಮಾತ್ರ ಕೆಲಸ ತಗೊಳ್ಳಿ.

ಪ್ರಶ್ನೆ: ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಡ್ರಮ್ ಲೂಪ್ (ಡ್ರಮ್ಸ್‌ನ ಒಂದೇ ತುಂಡು ಮತ್ತೆ ಮತ್ತೆ ಕೇಳಿಸುವುದು) ಇತ್ತೇ?
– ಓದುಗರೊಬ್ಬರು, ಕಡೂರು

ಉತ್ತರ: ಇತ್ತು. 1977ರಲ್ಲಿ ಡಿಸ್ಕೊ ಹಾಡುಗಳ ಬೀ ಜೀಸ್ ತಂಡದ ಡ್ರಮ್ಮರ್ ಮನೆಯ ಕಾರಣಕ್ಕೆ ಊರಿಗೆ ಹೋಗಿದ್ದರು. ಕೆಲಸ ನಿಲ್ಲಬಾರದಲ್ಲ. ಆಗಲೇ ರೆಕಾರ್ಡ್ ಆಗಿದ್ದ ‘ನೈಟ್ ಫೀವರ್’ ಹಾಡಿನಿಂದ ಎರಡು ಬಾರ್ (ತಾಳದ ಎರಡು ಸುತ್ತು) ಡ್ರಮ್ಸ್ ತೆಗೆದು, ಟೇಪಿನ ಎರಡು ತುದಿ ಅಂಟಿಸಿ, ಸುತ್ತಿ ಸುತ್ತಿ ಓಡಿಸಿದರು. ಅವರ ‘ಸ್ಟೇಯಿಂಗ್ ಅಲೈವ್’ ಹಾಡಿನ ಉದ್ದಕ್ಕೂ ಕೇಳುವುದು ಅದೇ ತುಂಡು. ಡ್ರಮ್ಮರ್ ಹೆಸರಿನ ಜಾಗದಲ್ಲಿ ಬರ್ನಾರ್ಡ್ ಲೂಪ್ ಅಂತ ಹಾಕಿದರು. ಅಂಥ ಮನುಷ್ಯನೇ ಇರಲಿಲ್ಲ.