ವೀಡರ್ ಇಂಜಿನ್ ಕಾದು ನಿಲ್ಲುವುದೇಕೆ?

ಪ್ರಶ್ನೆ: ಅಡಿಕೆ ತೋಟದ ಕಳೆ ಹೊಡೆಯಲು 7 ಎಚ್‌ಪಿ ಪೆಟ್ರೋಲ್ ಪವರ್ ವೀಡರ್ ಇದೆ. ಅರ್ಧ ಗಂಟೆಯಲ್ಲೇ ವಿಪರೀತ ಕಾದು, ಎಳೆತ ಕಮ್ಮಿಯಾಗಿ ನಿಂತುಬಿಡುತ್ತದೆ. ಇಪ್ಪತ್ತು ನಿಮಿಷ ಬಿಟ್ಟರೆ ಮತ್ತೆ ಚಾಲೂ ಆಗುತ್ತದೆ. ಆಯಿಲ್ ಹೊಸದು. ಗಾಳಿಯಾಡಲಿ ಎಂದು ತಗಡಿನ ಕವರ್ ಬಿಚ್ಚಿಟ್ಟರೂ ಪ್ರಯೋಜನವಾಗಲಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಆ ಕವರ್ ಇಲ್ಲದೆ ಇಂಜಿನ್ ಓಡಿಸಲೇಬೇಡಿ. ಫ್ಲೈವೀಲ್ (ಇಂಜಿನ್ ಜೊತೆ ತಿರುಗುವ ಭಾರದ ಚಕ್ರ) ರೆಕ್ಕೆಗಳು ಎಳೆದುಕೊಂಡ ಗಾಳಿಯನ್ನು ಸಿಲಿಂಡರ್, ಅದರ ಮೇಲಿನ ಹೆಡ್‌ಗಳ ಫಿನ್‌ಗಳ (ಕಾವು ಹೊರಬಿಡುವ ತೆಳು ಲೋಹದ ಪಟ್ಟಿಗಳ) ಸಂದಿಗೆ ನುಗ್ಗಿಸುವುದೇ ಅದು. ಬಿಚ್ಚಿದರೆ ಗಾಳಿ ಚದುರಿಹೋಗಿ ಇಂಜಿನ್ ಇನ್ನಷ್ಟು ಕಾಯುತ್ತದೆ.

ತೋಟದ ವೀಡರ್‌ಗಳಲ್ಲಿ ಹೆಚ್ಚಾಗಿ ತೊಂದರೆ ಕೊಡುವುದು ಕಸ. ಇಂಜಿನ್ ಪೂರ್ತಿ ತಣಿದ ಮೇಲೆ ಪ್ಲಗ್ ಕ್ಯಾಪ್ ಕಿತ್ತಿಟ್ಟು, ಹಗ್ಗದ ಸ್ಟಾರ್ಟರನ್ನೂ ಅದರ ಹಿಂದಿನ ಕವರನ್ನೂ ಬಿಚ್ಚಿ. ಫಿನ್‌ಗಳ ನಡುವೆ ಹುಲ್ಲಿನ ಪುಡಿ, ಮಣ್ಣು, ಆಯಿಲ್ ಜಿಡ್ಡು ಸೇರಿ ಗಟ್ಟಿ ಕಂಬಳಿಯಂತೆ ಕೂತಿರುತ್ತದೆ, ಹೆಡ್‌ನ ಪಕ್ಕ, ಎಕ್ಸಾಸ್ಟ್ ಕಡೆಗಂತೂ ಇನ್ನೂ ದಪ್ಪ. ಬಿದಿರಿನ ಕಡ್ಡಿಯಿಂದ ಕೆದಕಿ, ಬ್ರಷ್ ಹಾಕಿ, ಗಾಳಿ ಹೊಡೆಸಿ. ಸ್ಕ್ರೂಡ್ರೈವರ್ ಹಾಕಿದರೆ ಫಿನ್ ಮುರಿಯುತ್ತದೆ. ಕಾದ ಇಂಜಿನ್‌ಗೆ ನೀರು ಸುರಿದರೆ ಹೆಡ್ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.

ಆಯಿಲ್ ಹೊಸದಾದರೆ ಸಾಲದು, ಅಳತೆಯೂ ಸರಿಯಿರಬೇಕು. ಈ ಗಾತ್ರದ ಹೆಚ್ಚಿನ ಇಂಜಿನ್‌ಗಳಿಗೆ 10ಡಬ್ಲ್ಯು-30 ಆಯಿಲ್ ಸುಮಾರು 600 ಮಿ.ಲೀ. ಸಾಕು. ಯಂತ್ರವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ನೋಡಿ. ಆಯಿಲ್ ಸೆನ್ಸರ್ ಇರುವ ಇಂಜಿನ್ ಇಳಿಜಾರಿನಲ್ಲಿ ವಾಲಿದಾಗಲೂ ಆಫ್ ಆಗುತ್ತದೆ, ಅದನ್ನು ಕಾವಿನ ದೋಷ ಎಂದುಕೊಳ್ಳಬೇಡಿ.

ಇಷ್ಟಾದರೂ ಕಾಯುತ್ತಿದ್ದರೆ, ಕೆಲಸದ ನಡುವೆ ಚೋಕನ್ನು ಅರ್ಧ ಎಳೆಯಿರಿ. ಎಳೆತ ಹೆಚ್ಚಿತೆಂದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿಯಾದ ಮಿಶ್ರಣ ಉರಿದರೆ ಇಂಜಿನ್ ಬೇಗ ಕಾಯುತ್ತದೆ. ಕಾರ್ಬ್ಯುರೇಟರ್‌ನ ತಳದ ಬಟ್ಟಲು (ಬೌಲ್) ಇಳಿಸಿ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಮೇನ್ ಜೆಟ್‌ಗೆ ಗಾಳಿ ಹೊಡೆಸಿ. ತಂತಿ ತೂರಿಸಿದರೆ ತೂತು ಅಗಲವಾಗುತ್ತದೆ. ಕಾರ್ಬ್ಯುರೇಟರ್ ಹಿಂದಿನ ಗ್ಯಾಸ್ಕೆಟ್ ಹರಿದು ಗಾಳಿ ಒಳನುಗ್ಗುತ್ತಿದ್ದರೂ ಇದೇ ಕಥೆ.

ನಿಂತು, ಸ್ವಲ್ಪ ಹೊತ್ತಿಗೆ ಚಾಲೂ ಆಗುವುದಕ್ಕೆ ಬೇರೆ ಎರಡು ಕಾರಣಗಳೂ ಉಂಟು. ನಿಂತ ಕೂಡಲೇ ಟ್ಯಾಂಕ್ ಮುಚ್ಚಳ ತೆಗೆಯಿರಿ, ಆದರೆ ಬಿಸಿ ಸೈಲೆನ್ಸರ್ ಮೇಲೆ ಪೆಟ್ರೋಲ್ ತುಳುಕದಂತೆ ಎಚ್ಚರ. 'ಸುಂಯ್' ಎಂದು ಗಾಳಿ ಒಳಗೆಳೆದು, ಆಮೇಲೆ ಚಾಲೂ ಆದರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಹಾಗಲ್ಲದಿದ್ದರೆ ಬಿಸಿಯಿದ್ದಾಗಲೇ ಸ್ಪಾರ್ಕ್ ಟೆಸ್ಟರ್ ಹಾಕಿ ಹಗ್ಗ ಎಳೆಯಿರಿ. ಬಿಸಿಯಲ್ಲಿ ಕಿಡಿ ಮಾಯವಾಗಿ, ತಣಿದ ಮೇಲೆ ಮತ್ತೆ ಬಂದರೆ ಕಿಡಿಗೆ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್ ಬದಲಾಯಿಸಬೇಕು.