ತಾಯಿ ಯಾರು ಎಂಬುದರ ಮೇಲೆ ನೊಣದ ಬಂಜೆತನ

ಪ್ರಶ್ನೆ: ನಾನು ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿ. ಹಣ್ಣಿನ ನೊಣಗಳಲ್ಲಿ ಕಾಡಿನಿಂದ ಹಿಡಿದು ತಂದ ಗಂಡನ್ನು ಪ್ರಯೋಗಾಲಯದ ಹಳೆಯ ತಳಿಯ ಹೆಣ್ಣಿನೊಂದಿಗೆ ಕೂಡಿಸಿದರೆ ಮರಿಗಳು ಬಂಜೆಯಾಗುತ್ತವೆ, ಗಂಡು ಹೆಣ್ಣುಗಳನ್ನು ಅದಲುಬದಲು ಮಾಡಿದರೆ ಏನೂ ಆಗುವುದಿಲ್ಲ ಎಂದು ಓದಿದೆ. ಎರಡೂ ಬಗೆಯ ಮರಿಗಳಿಗೆ ಸಿಗುವ ಜೀನ್‌ಗಳು ಹೆಚ್ಚುಕಡಿಮೆ ಒಂದೇ ಅಲ್ಲವೇ? ಹಾಗಿದ್ದರೆ ಈ ವ್ಯತ್ಯಾಸವೇಕೆ? ಜಿಗಿಯುವ ಜೀನ್‌ಗಳು ಡಿಎನ್‌ಎಯನ್ನು ಮುರಿಯುವುದೇ ಬಂಜೆತನಕ್ಕೆ ಕಾರಣವೇ?

ಉತ್ತರ: ಜೀನ್‌ಗಳು ಹೆಚ್ಚುಕಡಿಮೆ ಒಂದೇ ಎಂಬ ನಿಮ್ಮ ಮಾತು ಸರಿ. ಆದರೆ ತಾಯಿಯಿಂದ ಮರಿಗೆ ಹೋಗುವುದು ಜೀನ್‌ಗಳಷ್ಟೇ ಅಲ್ಲ, ಅಂಡದೊಳಗಿನ ದ್ರವವೂ ಹೋಗುತ್ತದೆ. ನಿಮ್ಮ ಪ್ರಶ್ನೆಯ ಕೀಲಿ ಅಲ್ಲಿದೆ.

ಈ ವಿದ್ಯಮಾನವನ್ನು ಮಾರ್ಗರೆಟ್ ಕಿಡ್ವೆಲ್ ಮತ್ತು ಸಂಗಡಿಗರು 1977ರಲ್ಲಿ ವಿವರವಾಗಿ ವರ್ಣಿಸಿ, ಅದಕ್ಕೆ ಹೈಬ್ರಿಡ್ ಡಿಸ್ಜೆನೆಸಿಸ್, ಅಂದರೆ ಮಿಶ್ರತಳಿಯ ಮರಿಗಳಲ್ಲಿ ಕಾಣುವ ಸಂತಾನದೋಷ, ಎಂಬ ಹೆಸರು ಕೊಟ್ಟರು. ಇದರ ಹಿಂದಿರುವುದು ಪಿ ಅಂಶ ಎಂಬ, ಪೂರ್ಣರೂಪದಲ್ಲಿ 2907 ಬೇಸ್ ಜೋಡಿಗಳಷ್ಟು ಉದ್ದದ, ಸ್ಥಳ ಬದಲಿಸಬಲ್ಲ ಡಿಎನ್‌ಎ ತುಣುಕು; ನೀವು ಹೇಳಿದ ಜಿಗಿಯುವ ಜೀನ್‌ಗಳಲ್ಲಿ ಇದೂ ಒಂದು. ಅದು ಈ ನೊಣದ ಜಾತಿಗೆ ಸೇರಿದ್ದೇ ಅಲ್ಲ. ಡ್ರೊಸೊಫಿಲ ವಿಲಿಸ್ಟೋನಿ ಎಂಬ ದೂರದ ಸಂಬಂಧಿಯಿಂದ ನಮ್ಮ ಈ ಹಣ್ಣಿನ ನೊಣಕ್ಕೆ, ಅಂದರೆ ಡ್ರೊಸೊಫಿಲ ಮೆಲನೊಗ್ಯಾಸ್ಟರ್‌ಗೆ, ದಾಟಿ, ಇಪ್ಪತ್ತನೆಯ ಶತಮಾನದ ಕೆಲವೇ ದಶಕಗಳಲ್ಲಿ ಲೋಕದ ಕಾಡುನೊಣಗಳಲ್ಲೆಲ್ಲ ಹಬ್ಬಿತು. ಅದಕ್ಕೂ ಮೊದಲೇ ಸಂಗ್ರಹಿಸಿ ಸೀಸೆಗಳಲ್ಲಿ ಸಾಕಿಕೊಂಡು ಬಂದ ತಳಿಗಳಲ್ಲಿ ಮಾತ್ರ ಅದಿಲ್ಲ. ದಾಳಿಗೆ ಮುಂಚಿನ ಕಾಲವನ್ನು ಪ್ರಯೋಗಾಲಯದವರು ತಮಗರಿವಿಲ್ಲದೆಯೇ ಕಾಪಿಟ್ಟುಕೊಂಡಿದ್ದರು!

ಪಿ ಅಂಶವಿರುವ ತಾಯಿ ತನ್ನ ಅಂಡದೊಳಗೆ ಪೈಆರ್‌ಎನ್‌ಎ ಎಂಬ ಪುಟ್ಟ ಆರ್‌ಎನ್‌ಎ ಎಳೆಗಳನ್ನು ತುಂಬಿ ಕಳುಹಿಸುತ್ತಾಳೆ. ಸುಮಾರು 23ರಿಂದ 29 ನ್ಯೂಕ್ಲಿಯೊಟೈಡ್ ಉದ್ದದ ಈ ಎಳೆಗಳು ಪಿವಿ, ಆಬರ್ಜಿನ್ ಮೊದಲಾದ ಪ್ರೋಟೀನ್‌ಗಳಿಗೆ ಅಂಟಿಕೊಂಡು, ತಮಗೆ ಹೊಂದುವ ಸಂದೇಶವಾಹಕ ಆರ್‌ಎನ್‌ಎಯನ್ನು ಗುರುತಿಸಿ ಕತ್ತರಿಸಿಹಾಕುತ್ತವೆ. ಪಿ ಅಂಶವಿರುವ ವರ್ಣತಂತುವಿನ ಭಾಗವನ್ನೂ ಕೆಲಸ ಮಾಡದಂತೆ ಮುಚ್ಚಿಸುತ್ತವೆ. ವೀರ್ಯಾಣುವಿನಲ್ಲಿ ಇಂಥ ಬುತ್ತಿಗೆ ಜಾಗವಿಲ್ಲ. ಆದ್ದರಿಂದ ಪಿ ಅಂಶ ತಂದೆಯ ಕಡೆಯಿಂದ ಮಾತ್ರ ಬಂದಾಗ, ಅದನ್ನು ಹಿಂದೆಂದೂ ಕಾಣದ ಅಂಡದಲ್ಲಿ ತಡೆಯುವವರೇ ಇರುವುದಿಲ್ಲ.

ಇಂಥ ಮರಿಯ ರೆಕ್ಕೆ, ಕಣ್ಣು, ಕಾಲುಗಳೆಲ್ಲ ಸರಿಯಾಗಿಯೇ ಇದ್ದು ಸಂತಾನಶಕ್ತಿ ಮಾತ್ರ ಕೆಡುವುದಕ್ಕೂ ಕಾರಣವಿದೆ. ಪಿ ಅಂಶವನ್ನು ಕತ್ತರಿಸಿ ಬೇರೆಡೆ ಸೇರಿಸುವ ಟ್ರಾನ್ಸ್‌ಪೋಸೇಸ್ ಕಿಣ್ವ ತಯಾರಾಗಬೇಕಾದರೆ ಅದರ ಸಂದೇಶವಾಹಕ ಆರ್‌ಎನ್‌ಎಯಿಂದ ಮೂರನೆಯ ಇಂಟ್ರಾನ್ (ಪ್ರೋಟೀನ್ ತಯಾರಿಗೆ ಮುನ್ನ ಕತ್ತರಿಸಿ ತೆಗೆಯಬೇಕಾದ ನಡುವಿನ ಭಾಗ) ಹೊರಹೋಗಬೇಕು; ಅದು ನಡೆಯುವುದು ಮುಂದೆ ಅಂಡ, ವೀರ್ಯಾಣುಗಳಾಗುವ ಜನನಕೋಶಗಳಲ್ಲಿ ಮಾತ್ರ. ಮುಂದಿನ ಪೀಳಿಗೆಗೆ ದಾಟದ ದೇಹಕೋಶದಲ್ಲಿ ಜಿಗಿದು ಪಿ ಅಂಶಕ್ಕೆ ಸಿಗುವ ಲಾಭವಾದರೂ ಏನು?

ಇನ್ನು ಡಿಎನ್‌ಎ ಹಾನಿಯ ವಿಷಯ. ಜಿಗಿಯುವುದೆಂಬ ಮಾತು ಸ್ವಲ್ಪ ದಾರಿ ತಪ್ಪಿಸುತ್ತದೆ. ಪಿ ಅಂಶ ತಾನಿದ್ದ ಜಾಗದಿಂದ ಕತ್ತರಿಸಿಕೊಂಡು ಹೊರಟಾಗ ಅಲ್ಲಿ ಡಿಎನ್‌ಎಯ ಎರಡೂ ಎಳೆಗಳು ತುಂಡಾಗಿ ಉಳಿಯುತ್ತವೆ. ಕೋಶವು ಜೊತೆಯ ಪ್ರತಿಯನ್ನು ನೋಡಿಕೊಂಡು ಆ ಬಿರುಕನ್ನು ತುಂಬಿದರೆ, ಹೊರಟುಹೋದ ಅಂಶವೇ ಮತ್ತೆ ಅಲ್ಲಿ ಮೂಡುತ್ತದೆ; ಹೀಗೆ ರಿಪೇರಿ ಕೆಲಸವೇ ಅದರ ಪ್ರತಿಗಳನ್ನು ಹೆಚ್ಚಿಸುತ್ತದೆ. ತುಂಬದೆ ಹೋದರೆ ವರ್ಣತಂತು ಮುರಿಯುತ್ತದೆ.

ಆದರೂ ಬಂಜೆತನಕ್ಕೆ ಮುರಿತವೇ ನೇರ ಕಾರಣ ಎನ್ನಲು ನಾನು ಹಿಂಜರಿಯುತ್ತೇನೆ. ಅಂಡದ ಬೆಳವಣಿಗೆಯಲ್ಲಿ ವರ್ಣತಂತುಗಳು ಭಾಗಗಳನ್ನು ವಿನಿಮಯ ಮಾಡಿಕೊಳ್ಳಲು ಕೋಶವು ತಾನಾಗಿಯೇ ಡಿಎನ್‌ಎಯನ್ನು ಮುರಿದು ಮತ್ತೆ ಜೋಡಿಸುತ್ತದೆ. ಅಷ್ಟರಿಂದ ಯಾವ ಅಂಡವೂ ಸಾಯುವುದಿಲ್ಲ. ಮುರಿತಗಳು ಜೋಡಣೆಯಾಗದೆ ಉಳಿದಾಗ ಕೋಶದ ಕಾವಲು ವ್ಯವಸ್ಥೆ ಎಚ್ಚರಗೊಳ್ಳುತ್ತದೆ. ಎಟಿಆರ್, ಚೆಕ್2 ಎಂಬ ಕಿಣ್ವಗಳು ಒಂದರಿಂದೊಂದಕ್ಕೆ ಸುದ್ದಿ ಮುಟ್ಟಿಸಿ ಕೋಶ ವಿಭಜನೆಯನ್ನು ನಿಲ್ಲಿಸುತ್ತವೆ; ಹಾನಿ ವಿಪರೀತವಾದಾಗ ಕೋಶ ತನ್ನನ್ನೇ ಕೊಂದುಕೊಳ್ಳುತ್ತದೆ. ಡಿಸ್ಜೆನೆಸಿಸ್‌ಗೆ ಸಿಕ್ಕ ಮರಿಗಳಲ್ಲಿ ಜನನಕೋಶಗಳು ಹುಳುವಿನ ಹಂತದಲ್ಲೇ ಹೀಗೆ ಅಳಿದುಹೋಗಿ, ಪ್ರೌಢ ನೊಣದಲ್ಲಿ ಅಂಡಾಶಯ ಸುಕ್ಕಿದ ಗಂಟಿನಂತೆ ಉಳಿಯುತ್ತದೆ. 29 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿದರೆ ಈ ಲಕ್ಷಣ ತೀವ್ರ; 18 ಡಿಗ್ರಿಯ ಆಸುಪಾಸಿನಲ್ಲಿ ಬಹುಮಟ್ಟಿಗೆ ಕಾಣುವುದೇ ಇಲ್ಲ. ನೀವು ಇದನ್ನು ಪ್ರಯೋಗವಾಗಿ ಮಾಡುವುದಾದರೆ ಸೀಸೆಗಳ ಉಷ್ಣತೆಯನ್ನು ಮರೆಯದೆ ಬರೆದಿಡಿ.

ಕಾವಲು ವ್ಯವಸ್ಥೆಯ ಕೈವಾಡಕ್ಕೆ ಒಳ್ಳೆಯ ಸಾಕ್ಷ್ಯ ಬೇರೊಂದು ಕಡೆಯಿಂದ ಸಿಕ್ಕಿದೆ. ಪೈಆರ್‌ಎನ್‌ಎ ತಯಾರಿಸಲಾರದ ಕೆಲವು ರೂಪಾಂತರಿತ ಹೆಣ್ಣು ನೊಣಗಳ ಮೊಟ್ಟೆಗಳಲ್ಲಿ ಮುಂದು ಹಿಂದು, ಬೆನ್ನು ಹೊಟ್ಟೆಗಳ ದಿಕ್ಕೇ ಗೊಂದಲವಾಗಿರುತ್ತದೆ. ಅದೇ ನೊಣಗಳಲ್ಲಿ ಚೆಕ್2 ಅನ್ನೂ ತೆಗೆದುಹಾಕಿದಾಗ ಈ ದಿಕ್ಕಿನ ದೋಷ ಬಹುಪಾಲು ಸರಿಹೋಯಿತು. ಅಂದರೆ ಅದು ಮುರಿದ ಡಿಎನ್‌ಎ ಮಾಡಿದ ಕೆಡುಕಲ್ಲ, ಮುರಿತಕ್ಕೆ ಹೆದರಿದ ಕಾವಲುಗಾರ ಮಾಡಿದ ಕೆಡುಕು. ಹಾಗೆಂದು ಆ ಮೊಟ್ಟೆಗಳಿಂದ ಮರಿಗಳು ಹೊರಬರಲಿಲ್ಲ. ಕಾವಲುಗಾರನನ್ನು ಓಡಿಸಿದ ಮಾತ್ರಕ್ಕೆ ಹಾನಿ ಇಲ್ಲವಾಗುವುದಿಲ್ಲವಷ್ಟೆ.

ಕಾವಲಿನ ಇನ್ನೊಂದು ಮುಖವನ್ನೂ ಹೇಳಬೇಕು. ಅಂಡಾಶಯದಲ್ಲಿ ಆಕರಕೋಶಗಳು, ಅಂದರೆ ಅಂಡಗಳಿಗೆ ಮೂಲವಾದ ಕೋಶಗಳು, ಉಳಿದುಕೊಂಡಿದ್ದರೆ, ಡಿಎನ್‌ಎ ಹಾನಿಯ ಸುದ್ದಿ ಅವನ್ನು ಕೊಲ್ಲುವ ಬದಲು ತಾತ್ಕಾಲಿಕವಾಗಿ ತಡೆದು ನಿಲ್ಲಿಸುತ್ತದೆ. ಆ ಬಿಡುವಿನಲ್ಲಿ ಪಿ ಅಂಶದ ವಿರುದ್ಧ ಪೈಆರ್‌ಎನ್‌ಎ ಹೆಚ್ಚುತ್ತದೆ, ಮುರಿತಗಳು ಬೆಸೆದುಕೊಳ್ಳುತ್ತವೆ, ಅಂಡಗಳ ತಯಾರಿ ಮತ್ತೆ ಶುರುವಾಗುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದಕ್ಕೆ ಹಿಡಿದದ್ದು ಕೇವಲ ನಾಲ್ಕು ದಿನ. ಎಳೆಯ ವಯಸ್ಸಿನಲ್ಲಿ ಬಂಜೆಯೆಂದು ಬರೆದಿಟ್ಟ ಹೆಣ್ಣು ನೊಣ ವಾರಗಳ ಬಳಿಕ ಮೊಟ್ಟೆಯಿಡುವುದನ್ನು ಕಂಡರೆ ಸೀಸೆಯ ಚೀಟಿ ಅದಲುಬದಲಾಗಿದೆ ಎಂದುಕೊಳ್ಳಬೇಡಿ. ಆ ಮೊಟ್ಟೆಗಳಲ್ಲಿ ಪಿ ಅಂಶದ ಜೊತೆಗೆ ಅದನ್ನು ಅಡಗಿಸುವ ಬುತ್ತಿಯೂ ಇರುತ್ತದೆ.