ಆರ್ಥರ್ ಆಂಡರ್ಸನ್ ಯಾರು? ಅವರು ಕಟ್ಟಿದ ಆಡಿಟ್ ಸಂಸ್ಥೆ ನಾಶವಾದದ್ದಕ್ಕೆ ಅವರೂ ಹೊಣೆಯೇ?

ಸಿಎ ಓದುತ್ತಿರುವ ನೀವು ಕೇಳಿರುವುದು ಇಷ್ಟು: ಲೆಕ್ಕ ತಿರುಚಿ ದಿವಾಳಿಯಾದ ಅಮೆರಿಕದ ಇಂಧನ ಕಂಪನಿ ಎನ್ರಾನ್‌ನ ಹಗರಣದಲ್ಲಿ ಮುಳುಗಿದ ಆಡಿಟ್ ಸಂಸ್ಥೆಗೆ ಹೆಸರು ಕೊಟ್ಟ ಆರ್ಥರ್ ಆಂಡರ್ಸನ್ ಎಂಥ ಮನುಷ್ಯ? ಆ ಸಂಸ್ಥೆಯ ಬುಡದಲ್ಲೇ ಕೊಳೆ ಇತ್ತೇ, ಅಥವಾ ಆಮೇಲೆ ಬಂದವರು ಹಾಳು ಮಾಡಿದರೇ?

ನಾನು ದಾವಣಗೆರೆಯಲ್ಲಿ ಪ್ರಾಕ್ಟೀಸ್ ಮಾಡುವ ಲೆಕ್ಕಪರಿಶೋಧಕ. ನಮ್ಮ ಕಚೇರಿಗೆ ಆರ್ಟಿಕಲ್‌ಶಿಪ್‌ಗೆ, ಅಂದರೆ ಸಿಎ ಓದಿನ ಭಾಗವಾದ ಕೆಲಸದ ತರಬೇತಿಗೆ, ಬರುವ ಹುಡುಗ ಹುಡುಗಿಯರಿಗೆಲ್ಲ ಈ ಮನುಷ್ಯನ ಕಥೆ ಹೇಳುತ್ತೇನೆ. ಆಂಡರ್ಸನ್ ಅಪ್ಪಟ ಪ್ರಾಮಾಣಿಕರು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವರ ಸಂಸ್ಥೆಯನ್ನು ಕೊನೆಗೆ ತಿಂದುಹಾಕಿದ ರೋಗದ ಒಂದು ಬೇರು ಅವರ ಕಾಲದವರೆಗೂ ಹೋಗುತ್ತದೆ ಎಂಬುದೂ ನಿಜ. ಎರಡನ್ನೂ ಹೇಳುತ್ತೇನೆ.

ಹುಟ್ಟಿದ್ದು 1885ರ ಮೇ 30ರಂದು, ಅಮೆರಿಕದ ಇಲಿನಾಯ್ ರಾಜ್ಯದ ಪ್ಲಾನೋ ಎಂಬ ಊರಿನಲ್ಲಿ. ಅಪ್ಪ ಅಮ್ಮ ಕೆಲವೇ ವರ್ಷಗಳ ಹಿಂದೆ ನಾರ್ವೆಯಿಂದ ವಲಸೆ ಬಂದಿದ್ದವರು. ಹದಿನಾರು ತುಂಬುವಷ್ಟರಲ್ಲಿ ಇಬ್ಬರೂ ತೀರಿಕೊಂಡರು. ಹುಡುಗ ಯಂತ್ರ ತಯಾರಿಸುವ ಒಂದು ಕಂಪನಿಯಲ್ಲಿ ಟಪಾಲು ಹಂಚುವ ಕೆಲಸಕ್ಕೆ ಸೇರಿದ, ಸಂಜೆ ತರಗತಿಗಳಲ್ಲಿ ಓದಿದ, ಅದೇ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಒಂದೊಂದೇ ಮೆಟ್ಟಿಲು ಹತ್ತಿದ. ಮುಂದೆ ಪ್ರೈಸ್ ವಾಟರ್‌ಹೌಸ್ ಎಂಬ ದೊಡ್ಡ ಆಡಿಟ್ ಸಂಸ್ಥೆಯ ಚಿಕಾಗೋ ಕಚೇರಿ. 1908ರಲ್ಲಿ, ಇಪ್ಪತ್ಮೂರರ ವಯಸ್ಸಿಗೆ, ಸಿಪಿಎ (ನಮ್ಮ ಸಿಎಗೆ ಸಮನಾದ ಅಮೆರಿಕದ ಅರ್ಹತೆ) ಆದಾಗ ಇಡೀ ಇಲಿನಾಯ್‌ನಲ್ಲಿ ಆ ಅರ್ಹತೆ ಪಡೆದ ಅತಿ ಕಿರಿಯ ವ್ಯಕ್ತಿ ಅವರೇ. ಆನಂತರ ಮಿಲ್ವಾಕಿಯ ಶ್ಲಿಟ್ಜ್ ಬಿಯರ್ ಕಂಪನಿಯಲ್ಲಿ ಲೆಕ್ಕಪತ್ರಗಳ ಮುಖ್ಯಸ್ಥರಾದರು.

1913ರಲ್ಲಿ ಅಮೆರಿಕದ ಸಂವಿಧಾನಕ್ಕೆ ತಿದ್ದುಪಡಿಯಾಗಿ ಕೇಂದ್ರ ಸರ್ಕಾರಕ್ಕೆ ಆದಾಯ ತೆರಿಗೆ ಹಾಕುವ ಅಧಿಕಾರ ಬಂತು. ಅಲ್ಲಿಯವರೆಗೆ ಲೆಕ್ಕ ಇಡುವುದು ಬಹುಮಟ್ಟಿಗೆ ಮಾಲೀಕನ ಇಷ್ಟ. ಇನ್ನು ಮುಂದೆ ಸರ್ಕಾರಕ್ಕೂ ಉತ್ತರ ಹೇಳಬೇಕು. ಜಿಎಸ್‌ಟಿ ಬಂದ ಹೊಸದರಲ್ಲಿ ನಮ್ಮ ಕಚೇರಿಗಳ ಮುಂದೆ ವ್ಯಾಪಾರಿಗಳು ಸಾಲುಗಟ್ಟಿದ್ದು ನಿಮಗೆ ನೆನಪಿರಬಹುದು. ಲೆಕ್ಕ ಬಲ್ಲವರಿಗೆ ಅಲ್ಲಿಯೂ ಅಂಥ ಕಾಲ ಕೂಡಿಬಂದಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆಂಡರ್ಸನ್ ಮತ್ತು ಕ್ಲಾರೆನ್ಸ್ ಡಿಲೇನಿ ಸೇರಿ, ಮಾಲೀಕ ತೀರಿಕೊಂಡಿದ್ದ ಒಂದು ಸಣ್ಣ ಆಡಿಟ್ ಕಂಪನಿಯನ್ನು ನಾಲ್ಕು ಸಾವಿರ ಡಾಲರಿಗೆ ಕೊಂಡರು. 1918ರಲ್ಲಿ ಡಿಲೇನಿ ಹೊರಬಿದ್ದ ಮೇಲೆ ಅದು ಆರ್ಥರ್ ಆಂಡರ್ಸನ್ ಅಂಡ್ ಕಂಪನಿಯಾಯಿತು.

ನಾನು ಮಕ್ಕಳಿಗೆ ಹೇಳುವ ಕಥೆ 1914ರದು. ಸಂಸ್ಥೆ ಹುಟ್ಟಿ ವರ್ಷವೂ ತುಂಬಿರಲಿಲ್ಲ. ಆಂಡರ್ಸನ್‌ಗೆ ಇಪ್ಪತ್ತೆಂಟು, ಇಪ್ಪತ್ತೊಂಬತ್ತು ವಯಸ್ಸು, ಸಿಬ್ಬಂದಿಯ ಸಂಬಳ ಹೊಂದಿಸುವುದೇ ಕಷ್ಟ. ಊರೂರುಗಳ ನಡುವೆ ಓಡುವ ರೈಲು ಕಂಪನಿಯೊಂದರ ಆಡಿಟ್ ಮಾಡಿದಾಗ, ಆ ವರ್ಷವೇ ಖರ್ಚೆಂದು ಬರೆಯಬೇಕಾದ ದೊಡ್ಡ ಮೊತ್ತಗಳನ್ನು ಮುಂದಿನ ವರ್ಷಗಳಿಗೆ ದೂಡಿ ಲಾಭ ಹಿಗ್ಗಿಸಿರುವುದು ಅವರಿಗೆ ಕಂಡಿತು. ವರದಿಯಲ್ಲಿ ಅದನ್ನೇ ಬರೆದರು. ಕಂಪನಿಯ ಅಧ್ಯಕ್ಷ ಸಿಟ್ಟಿನಿಂದ ಬಂದು ವರದಿ ಬದಲಿಸಬೇಕೆಂದು ಪಟ್ಟುಹಿಡಿದ. ಚಿಕಾಗೋ ನಗರದಲ್ಲಿರುವ ಹಣವನ್ನೆಲ್ಲ ತಂದು ಸುರಿದರೂ ಈ ವರದಿ ಬದಲಾಗುವುದಿಲ್ಲ ಎಂಬುದು ಆಂಡರ್ಸನ್ ಕೊಟ್ಟ ಉತ್ತರದ ತಾತ್ಪರ್ಯ. ಆಡಿಟ್ ಕೈತಪ್ಪಿತು. ಕೆಲವೇ ತಿಂಗಳಲ್ಲಿ ಆ ರೈಲು ಕಂಪನಿ ದಿವಾಳಿಯೆದ್ದಿತು.

ಈ ಕಥೆಯನ್ನು ಬಹಳ ಜನ ದಿವಾಳಿಯ ಕಾರಣಕ್ಕೆ ಹೇಳುತ್ತಾರೆ, ಕೊನೆಗೆ ಆಂಡರ್ಸನ್ ಮಾತೇ ನಿಜವಾಯಿತಲ್ಲ ಎಂದು. ನನಗೆ ಅದು ಮುಖ್ಯವಲ್ಲ. ಆ ಕಂಪನಿ ದಿವಾಳಿಯಾಗದೆ ಇನ್ನೂ ಐವತ್ತು ವರ್ಷ ಬಾಳಿದ್ದರೂ ಆ ವರದಿ ಸರಿಯೇ. ನನಗೆ ದೊಡ್ಡದಾಗಿ ಕಾಣುವುದು, ಕಳೆದುಕೊಳ್ಳುವುದಕ್ಕೆ ಕೈಯಲ್ಲಿ ಹೆಚ್ಚೇನೂ ಇಲ್ಲದಾಗ, ಇರುವ ಸ್ವಲ್ಪವನ್ನೂ ಆ ಯುವಕ ಬಿಟ್ಟುಕೊಟ್ಟದ್ದು.

ಆ ರೈಲು ಕಂಪನಿಯ ಉಪಾಯ ಹಳೆಯದಾಗಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಕಡೆ ಅಕ್ಕಿ ಗಿರಣಿಯ ಲೆಕ್ಕ ನೋಡುವಾಗ ಇದೇ ಎದುರಾಗುತ್ತದೆ. ಬಾಯ್ಲರ್ ರಿಪೇರಿಯ ಬಿಲ್ ಇರುತ್ತದೆ, ಪೈಪು ಬದಲಿಸಿದ್ದು, ಬೆಸುಗೆ ಹಾಕಿದ್ದು, ಕೂಲಿ ಎಲ್ಲವೂ ಅದರಲ್ಲೇ. ಅದನ್ನು ರಿಪೇರಿ ಖರ್ಚಿಗೆ ಬರೆದರೆ ಈ ವರ್ಷದ ಲಾಭದಿಂದ ಪೂರ್ತಿ ಕಳೆಯಬೇಕು. ಯಂತ್ರೋಪಕರಣದ ಖಾತೆಗೆ ಸೇರಿಸಿದರೆ ಸವಕಳಿಯ ರೂಪದಲ್ಲಿ ವರ್ಷವರ್ಷವೂ ಚೂರುಚೂರೇ ಕರಗುತ್ತದೆ, ಈ ವರ್ಷದ ಲಾಭ ಹಾಗೇ ಉಳಿಯುತ್ತದೆ. ‘ಬ್ಯಾಂಕಿನವರು ಸಾಲದ ಮಿತಿ ಹೆಚ್ಚಿಸುತ್ತಾರೆ ಸರ್, ಈ ಒಂದು ವರ್ಷ ಆ ಖಾತೆಗೆ ಹಾಕಿಬಿಡಿ’ ಎಂದು ಕೇಳುವ ಮಾಲೀಕ ದುಷ್ಟನೇನೂ ಅಲ್ಲ. ಮನೆಗೆ ಹೋದರೆ ಊಟ ಮಾಡದೆ ಕಳಿಸದ ಮನುಷ್ಯ. ಇಂಥವರಿಗೆ ಆಗುವುದಿಲ್ಲ ಎನ್ನುವುದು ಎಷ್ಟು ಕಷ್ಟ ಎಂಬುದನ್ನು ಪಠ್ಯಪುಸ್ತಕ ನಿಮಗೆ ಹೇಳುವುದಿಲ್ಲ.

ಮುಂದಿನ ವರ್ಷದ ಇನ್ನೊಂದು ಪ್ರಸಂಗ ನಿಮ್ಮ ಪಾಠಕ್ಕೇ ಸಂಬಂಧಪಟ್ಟದ್ದು. ಮಿಷಿಗನ್ ಸರೋವರದಲ್ಲಿ ಸರಕು ಹಡಗುಗಳನ್ನು ಓಡಿಸುತ್ತಿದ್ದ ಒಂದು ಕಂಪನಿಯ ಲೆಕ್ಕದ ವರ್ಷ ಮುಗಿದದ್ದು 1914ರ ಡಿಸೆಂಬರ್ 31ಕ್ಕೆ. 1915ರ ಫೆಬ್ರವರಿಯಲ್ಲಿ ಅವರ ಹಡಗೊಂದು ಮುಳುಗಿತು. ಆಡಿಟ್ ವರದಿಗೆ ಇನ್ನೂ ಸಹಿ ಬಿದ್ದಿರಲಿಲ್ಲ. ಡಿಸೆಂಬರ್ 31ರಂದು ಹಡಗು ತೇಲುತ್ತಿತ್ತಲ್ಲ, ಬ್ಯಾಲೆನ್ಸ್ ಶೀಟ್‌ನಲ್ಲಿ ಅದನ್ನು ಆಸ್ತಿಯೆಂದು ತೋರಿಸಿದ್ದರಲ್ಲಿ ತಪ್ಪೇನು ಎಂದು ವಾದಿಸಬಹುದಿತ್ತು. ಕಾಗದದ ಮಟ್ಟಿಗೆ ಆ ವಾದ ಸರಿಯೇ. ಆದರೆ ಆ ಬ್ಯಾಲೆನ್ಸ್ ಶೀಟ್ ನಂಬಿ ಹಣ ಹಾಕುವವನಿಗೆ ಹಡಗು ನೀರಿನಡಿ ಇದೆ ಎಂದು ಗೊತ್ತಾಗಬೇಡವೇ? ಆ ಸಂಗತಿ ಲೆಕ್ಕಪತ್ರದಲ್ಲಿ ಕಾಣಲೇಬೇಕು ಎಂದು ಆಂಡರ್ಸನ್ ಹಟ ಹಿಡಿದರು. ಇಂದು ನೀವು ಎಸ್‌ಎ 560 ಎಂದು ಓದುವ, ವರ್ಷಾಂತ್ಯದ ನಂತರದ ಘಟನೆಗಳ ಕುರಿತ ಮಾನದಂಡ ಹೇಳುವುದು ಇದೇ ವಿಚಾರವನ್ನು. ಅಂಥ ಮಾನದಂಡ ಬರೆದಿಟ್ಟವರು ಯಾರೂ ಇಲ್ಲದ ಕಾಲದಲ್ಲಿ ಆಂಡರ್ಸನ್ ಅದನ್ನು ತಮ್ಮ ವಿವೇಕದಿಂದಲೇ ಕಂಡುಕೊಂಡರು. ಪರೀಕ್ಷೆಗೆ ಆ ಅಧ್ಯಾಯ ಓದುವಾಗ ಈ ಹಡಗನ್ನು ನೆನೆಯಿರಿ, ಮರೆಯುವುದಿಲ್ಲ.

ಇದರ ಜೊತೆಗೇ ಅವರು ಮೇಷ್ಟ್ರೂ ಹೌದು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ 1922ರವರೆಗೆ ಲೆಕ್ಕಶಾಸ್ತ್ರ ಕಲಿಸಿದರು, ಆ ವಿಭಾಗದ ಮುಖ್ಯಸ್ಥರೂ ಆಗಿದ್ದರು. ಕಾಲೇಜು ಮುಗಿಸಿದ ಚುರುಕಾದ ಹುಡುಗರನ್ನು ಆರಿಸಿ ತಂದು, ಸಂಸ್ಥೆಯ ಒಳಗೇ ಪಾಠ ಹೇಳಿ ತಯಾರು ಮಾಡುವ ಪದ್ಧತಿ ಬೆಳೆಸಿದರು. ಯಾವ ಊರಿನ ಕಚೇರಿಗೆ ಹೋದರೂ ಕೆಲಸದ ರೀತಿ ಒಂದೇ ಇರಬೇಕು. ‘ನೇರವಾಗಿ ಯೋಚಿಸು, ನೇರವಾಗಿ ಮಾತಾಡು’ ಎಂಬ ತಾಯಿಯ ಮಾತನ್ನು ಅವರು ಸಂಸ್ಥೆಯ ಧ್ಯೇಯವನ್ನಾಗಿ ಮಾಡಿದ್ದರು. ಹೆತ್ತವರ ನಾಡನ್ನೂ ಬಿಡಲಿಲ್ಲ. ನಾರ್ವೆ ಮೂಲದ ಅಮೆರಿಕನ್ನರ ಇತಿಹಾಸ ಸಂಘಕ್ಕೆ ಅಧ್ಯಕ್ಷರಾಗಿ ದುಡಿದರು. 1932ರಲ್ಲಿ ಸ್ಯಾಮ್ಯುಯೆಲ್ ಇನ್ಸುಲ್‌ನ ವಿದ್ಯುತ್ ಸಾಮ್ರಾಜ್ಯ ಕುಸಿದು ಸಣ್ಣ ಹೂಡಿಕೆದಾರರು ಬೀದಿಗೆ ಬಿದ್ದಾಗ, ಆ ಕಂಪನಿಗಳ ಹಣಕಾಸಿನ ಮೇಲೆ ಕಣ್ಣಿಡಲು ಸಾಲ ಕೊಟ್ಟ ಬ್ಯಾಂಕುಗಳು ಕರೆದದ್ದು ಇವರನ್ನೇ. ಅವರ ಹೆಸರು ಚಿಕಾಗೋ ದಾಟಿ ದೇಶಕ್ಕೆಲ್ಲ ಗೊತ್ತಾದದ್ದು ಆ ಕೆಲಸದಿಂದ.

ಸ್ವಭಾವ ಮಾತ್ರ ಮೃದುವಲ್ಲ. ಲಗಾಮು ಕೊನೆಯವರೆಗೂ ಅವರ ಕೈಯಲ್ಲೇ ಇತ್ತು. 1947ರ ಜನವರಿ 10ರಂದು ಅವರು ತೀರಿಕೊಂಡಾಗ ಸಂಸ್ಥೆಯನ್ನೇ ಮುಚ್ಚಿಬಿಡುವ ಮಾತು ಪಾಲುದಾರರ ನಡುವೆ ಬಂದಿತ್ತು. ಲಿಯೊನಾರ್ಡ್ ಸ್ಪೇಸೆಕ್ ಅದನ್ನು ಉಳಿಸಿ ಮುನ್ನಡೆಸಿದರು. ಇವರೂ ಹಣಕ್ಕೆ ಬಗ್ಗುವ ಆಸಾಮಿಯಲ್ಲ. ತಮ್ಮ ವೃತ್ತಿಯ ತಪ್ಪುಗಳನ್ನು ಸಭೆಗಳಲ್ಲಿ ಎದ್ದುನಿಂತು ಟೀಕಿಸಿದವರು.

ಇನ್ನು ಆ ಬೇರಿನ ಮಾತು. ಲೆಕ್ಕಿಗನಾದವನು ಅಂಕಿಗಳ ಹಿಂದೆ ಹೋಗಬೇಕು ಎಂದು ಆಂಡರ್ಸನ್ ನಂಬಿದ್ದರು. ಲಾಭ ಎಷ್ಟು ಎಂದಷ್ಟೇ ಹೇಳದೆ ಕಾರ್ಖಾನೆ ಹೇಗೆ ನಡೆಯುತ್ತಿದೆ, ಆಡಳಿತ ಹೇಗಿದೆ ಎಂದೂ ನೋಡಿ ಹೇಳಬೇಕು. ಹಣ ಹೂಡುವವರಿಗಾಗಿ ಇಂಥ ತನಿಖಾ ವರದಿಗಳನ್ನು 1920ರ ದಶಕದಲ್ಲೇ ಅವರು ಸಿದ್ಧಪಡಿಸುತ್ತಿದ್ದರು. ಒಳ್ಳೆಯ ಉದ್ದೇಶವೇ. ಆದರೆ ಸಲಹೆ ಮಾರುವ ಅಂಗಡಿಗೆ ಆಡಿಟ್ ಕಚೇರಿಯ ಒಳಗೆ ಬಾಗಿಲು ತೆರೆದದ್ದು ಅಲ್ಲೇ. 1950ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್‌ನ ಲೂಯಿವಿಲ್ ಕಾರ್ಖಾನೆಯಲ್ಲಿ ಸಂಬಳದ ಲೆಕ್ಕಕ್ಕೆ ಯುನಿವ್ಯಾಕ್ ಕಂಪ್ಯೂಟರ್ ಅಳವಡಿಸಲು ನೆರವಾದದ್ದು ಈ ಸಂಸ್ಥೆಯೇ. ಸಲಹಾ ವಿಭಾಗ ಬೆಳೆದು ಬೆಳೆದು ಆಡಿಟ್ ವಿಭಾಗದ ಜೊತೆ ಜಗಳಕ್ಕೆ ಬಿತ್ತು, ಕೊನೆಗೆ ಬೇರ್ಪಟ್ಟು 2001ರ ಜನವರಿ 1ರಂದು ಆಕ್ಸೆಂಚರ್ ಎಂದು ಹೆಸರು ಬದಲಿಸಿಕೊಂಡಿತು. ಬೆಂಗಳೂರಿನಲ್ಲಿ ಸಾವಿರಾರು ಮಂದಿ ದುಡಿಯುವ ಆಕ್ಸೆಂಚರ್ ಇದೇ. ಟಪಾಲು ಹಂಚುತ್ತಿದ್ದ ಆ ಅನಾಥ ಹುಡುಗನ ವಂಶವೃಕ್ಷದ ಕೊಂಬೆ ನಮ್ಮ ರಾಜಧಾನಿಯವರೆಗೂ ಚಾಚಿದೆ ಎಂಬುದು ಅಲ್ಲಿನ ಉದ್ಯೋಗಿಗಳಲ್ಲಿ ಎಷ್ಟೋ ಜನರಿಗೆ ತಿಳಿದಿರಲಾರದು.

ಅಷ್ಟರಲ್ಲಿ ಆಡಿಟ್ ಕಡೆಯವರೂ ತಮ್ಮದೇ ಸಲಹಾ ವ್ಯಾಪಾರ ಕಟ್ಟಿಕೊಂಡಿದ್ದರು. 2000ದಲ್ಲಿ ಎನ್ರಾನ್ ಒಂದರಿಂದಲೇ ಬಂದ ಶುಲ್ಕ 5.2 ಕೋಟಿ ಡಾಲರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 2.7 ಕೋಟಿ, ಆಡಿಟ್ ಅಲ್ಲದ ಕೆಲಸಕ್ಕೆ. ಸಂಸ್ಥೆಯ ಒಳಗೇ ಲೆಕ್ಕದ ಮಾನದಂಡ ಕಾಯುವ ತಂಡವೊಂದಿತ್ತು. ಆ ತಂಡದ ಕಾರ್ಲ್ ಬಾಸ್ ಎಂಬ ಪಾಲುದಾರ ಎನ್ರಾನ್‌ನ ಲೆಕ್ಕದ ಕಸರತ್ತುಗಳನ್ನು ಒಪ್ಪಲಿಲ್ಲ. ಎನ್ರಾನ್ ದೂರಿತು. 2001ರ ಮಾರ್ಚ್‌ನಲ್ಲಿ ಸಂಸ್ಥೆ ಬಾಸ್ ಅವರನ್ನೇ ಎನ್ರಾನ್ ವಿಷಯದಿಂದ ಹೊರಗಿಟ್ಟಿತು.

ನನ್ನ ಪ್ರಕಾರ ಆರ್ಥರ್ ಆಂಡರ್ಸನ್ ಸಂಸ್ಥೆ ಸತ್ತದ್ದು ಆ ದಿನ. 1914ರಲ್ಲಿ ಕಂಪನಿಯ ಅಧ್ಯಕ್ಷ ಬಂದು ಕೂಗಾಡಿದಾಗ ಹೊರಗೆ ಹೋದದ್ದು ಆ ಕಂಪನಿ, 2001ರಲ್ಲಿ ಹೊರಗೆ ಹೋದದ್ದು ಬೇಡ ಎಂದ ಲೆಕ್ಕಿಗ. ಆಮೇಲಿನದು ನಿಮಗೆ ಗೊತ್ತಿರುವುದೇ: ಹೂಸ್ಟನ್ ಕಚೇರಿಯಲ್ಲಿ ಎನ್ರಾನ್ ಕಾಗದಪತ್ರಗಳನ್ನು ಯಂತ್ರಕ್ಕೆ ಹಾಕಿ ಚೂರು ಮಾಡಿದ್ದು, ಡಿಸೆಂಬರ್‌ನಲ್ಲಿ ಎನ್ರಾನ್ ದಿವಾಳಿ, 2002ರ ಜೂನ್‌ನಲ್ಲಿ ನ್ಯಾಯಕ್ಕೆ ಅಡ್ಡಿಪಡಿಸಿದ ಅಪರಾಧದಲ್ಲಿ ಸಂಸ್ಥೆ ತಪ್ಪಿತಸ್ಥ ಎಂಬ ತೀರ್ಪು, ಆಗಸ್ಟ್ ಕೊನೆಗೆ ಸಾರ್ವಜನಿಕ ಕಂಪನಿಗಳ ಆಡಿಟ್ ಮಾಡುವುದಕ್ಕೆ ವಿದಾಯ. ಜಗತ್ತಿನಾದ್ಯಂತ ಸುಮಾರು 85,000 ಮಂದಿ ಅಲ್ಲಿ ದುಡಿಯುತ್ತಿದ್ದರು. ಅವರಲ್ಲಿ ಬಹುತೇಕರು ಎನ್ರಾನ್‌ನ ಒಂದು ವೋಚರನ್ನೂ ಕಂಡವರಲ್ಲ. 2005ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಸರ್ವಾನುಮತದಿಂದ ರದ್ದು ಮಾಡಿತು. ಜ್ಯೂರಿಗೆ ಕಾನೂನನ್ನು ತಪ್ಪಾಗಿ ವಿವರಿಸಲಾಗಿತ್ತು ಎಂಬುದು ಕಾರಣ. ಆ ಹೊತ್ತಿಗೆ ಉಳಿಸಿಕೊಳ್ಳಲು ಏನೂ ಉಳಿದಿರಲಿಲ್ಲ.

ಹಾಗಾದರೆ ಸ್ಥಾಪಕರೂ ಹೊಣೆಯೇ? ಅವರು ತೆರೆದ ಬಾಗಿಲಿನಿಂದ ಸಲಹೆಯ ವ್ಯಾಪಾರ ಒಳಗೆ ಬಂತು, ಅಷ್ಟರ ಮಟ್ಟಿಗೆ ಹೌದು. ಆದರೆ ಸತ್ತು ಐವತ್ತನಾಲ್ಕು ವರ್ಷವಾದ ಮನುಷ್ಯನ ತಲೆಗೆ ಎನ್ರಾನ್ ಕಟ್ಟುವುದು ಅನ್ಯಾಯ. ಆ ಬಾಗಿಲಿನಲ್ಲಿ ಅವರೇ ಕಾವಲು ನಿಂತಿದ್ದರು. ಅವರ ನಂತರ ಆ ಜಾಗದಲ್ಲಿ ನಿಲ್ಲಬೇಕಾದವರು ಶುಲ್ಕದ ಗುರಿಗಳನ್ನು ತಂದು ನಿಲ್ಲಿಸಿದರು.

ಈಗ ನಮ್ಮ ದೇಶದಲ್ಲಿ ಕಾನೂನೇ ಆ ಕಾವಲು ಮಾಡಲು ನೋಡುತ್ತಿದೆ. 2013ರ ಕಂಪನಿ ಕಾಯ್ದೆಯ 144ನೇ ಕಲಂ ಪ್ರಕಾರ ಆಡಿಟರ್ ಅದೇ ಕಂಪನಿಗೆ ಹಲವು ಬಗೆಯ ಇತರ ಸೇವೆ ಕೊಡುವಂತಿಲ್ಲ. 139ನೇ ಕಲಂ, ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಗಳು ಮತ್ತಿತರ ದೊಡ್ಡ ಕಂಪನಿಗಳು ಆಡಿಟರನ್ನು ಅವಧಿ ಮುಗಿದ ಮೇಲೆ ಬದಲಿಸಲೇಬೇಕು ಎನ್ನುತ್ತದೆ. ಎರಡೂ ಬೇಕಾದವೇ. ಆದರೆ ಅಕ್ಕಿ ಗಿರಣಿಯ ಬಾಯ್ಲರ್ ಬಿಲ್ ಎದುರಿಗಿದ್ದಾಗ ಕಲಂ ಬಂದು ನಿಮ್ಮ ಕೈ ಹಿಡಿಯುವುದಿಲ್ಲ. ಯಾವ ಕಚೇರಿಯಲ್ಲಿ ಕಲಿತಿರಿ ಎಂಬುದೇ ಆಗ ಕೆಲಸಕ್ಕೆ ಬರುವುದು. ಆದ್ದರಿಂದ ಆರ್ಟಿಕಲ್‌ಶಿಪ್‌ಗೆ ಕಚೇರಿ ಹುಡುಕುವಾಗ ಸ್ಟೈಪೆಂಡ್ ಎಷ್ಟು, ರಜೆ ಎಷ್ಟು ಎಂದು ವಿಚಾರಿಸುವುದರ ಜೊತೆಗೆ, ವರದಿ ಬದಲಿಸಲು ಒಪ್ಪದೆ ನೀವು ಕಳೆದುಕೊಂಡ ಆಡಿಟ್ ಯಾವುದಾದರೂ ಇದೆಯೇ ಎಂದೂ ಕೇಳಿ. ಕಂಪನಿಯ ಹೆಸರು ಹೇಳಬೇಕಿಲ್ಲ, ಏನು ನಡೆಯಿತೆಂದು ಹೇಳಿದರೆ ಸಾಕು. ಪ್ರಶ್ನೆ ಕೇಳಿ ಬೇಸರಪಡದೆ ಕುರ್ಚಿ ಎಳೆದುಕೊಂಡು ಕಥೆ ಹೇಳಲು ಶುರುಮಾಡುವವರು ಸಿಕ್ಕರೆ ಅಲ್ಲೇ ಸೇರಿಕೊಳ್ಳಿ.